ಮಿಚಿಗನ್ ಸರೋವರದ ಮೀನುಬೇಟೆ

ಸರೋವರವೆಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ತಾವರೆ ನೈದಿಲೆಗಳಿಂದ ಕೂಡಿದ, ನಾಲ್ಕು ಕಡೆಯೂ ದಡ ಕಾಣುವ, ಏರಿಯ ಮೇಲೆ ನಿಂತು ಕೂಗಿದರೆ ಆಚೆಯ ದಡದವನು ಓಗೊಡಬಹುದಾದ ನೀರಿನ ನೆಲೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿರುವ ಮಿಚಿಗನ್ ಸರೋವರವನ್ನು ನೋಡಹೋಗುವವನು ಈ ಚಿತ್ರವನ್ನು ಮೊದಲು ಮನಸ್ಸಿನಿಂದ ಅಳಿಸಿಬಿಡಬೇಕು. ಅದರ ಉದ್ದ ಸುಮಾರು 307 ಮೈಲಿ. ಬಹಳ ಅಗಲವಾದ ಕಡೆ 118 ಮೈಲಿ. ಬಹಳ ಆಳವಾದ ಕಡೆ 923 ಅಡಿ. ದಡದಲ್ಲಿ ನಿಂತವನಿಗೆ ಆಚೆಯ ದಡವಿರಲಿ, ಅದರ ನೆರಳೂ ಕಾಣದು. ಬಿರುಗಾಳಿ ಎದ್ದಾಗ ದೊಡ್ಡ ದೊಡ್ಡ ಹಡಗುಗಳೇ ಇದರಲ್ಲಿ ಮುಳುಗಿರುವುವು. ಸಮುದ್ರಕ್ಕೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ, ನಾಲಗೆಗೆ ಉಂಟು. ಬೊಗಸೆಯಲ್ಲಿ ಎತ್ತಿ ಕುಡಿದರೆ ಸಿಹಿನೀರು.

ಈ ಸರೋವರದ ಪೂರ್ವದ ದಡದಲ್ಲಿ ಲಡಿಂಗ್ಟನ್ ಎಂಬ ಸಣ್ಣ ಪಟ್ಟಣವಿದೆ. 1675ರಲ್ಲಿ ಫ್ರೆಂಚ್ ಪಾದ್ರಿ ಮಾರ್ಕೆಟ್ ಎಂಬಾತನು ಈ ತೀರದಲ್ಲಿಯೇ ತೀರಿಕೊಂಡನೆಂದು ಹೇಳುವರು. ಅಲ್ಲಿ ಸರೋವರವನ್ನು ಸೇರುವ ನದಿಗೆ ಇಂದಿಗೂ ಅವನ ಹೆಸರು. ಹಿಂದೆ ಪೈನ್ ಮರದ ದಿಮ್ಮಿಗಳ ವ್ಯಾಪಾರದಿಂದ ಬದುಕಿದ ಊರು ಅದು. ಮರ ಮುಗಿದ ಮೇಲೆ ಸರೋವರವನ್ನು ದಾಟಿಸುವ ಹಡಗುಗಳು ಬಂದುವು. ಅವುಗಳಲ್ಲೊಂದಾದ ‘ಬ್ಯಾಜರ್’ ಎಂಬ ಕಲ್ಲಿದ್ದಲಿನ ಉಗಿಹಡಗು 1953ರಲ್ಲಿ ಕೆಲಸಕ್ಕೆ ಬಂದಿತು. ಊರಿನ ಉತ್ತರಕ್ಕೆ ಮರಳಿನ ದಿಬ್ಬಗಳ ನಡುವೆ 1867ರಲ್ಲಿ ಕಟ್ಟಿದ, ಕಪ್ಪುಬಿಳುಪು ಪಟ್ಟೆ ಬಳಿದ, 112 ಅಡಿ ಎತ್ತರದ ದೀಪಸ್ತಂಭವಿದೆ. ಆದರೆ ಈಗ ಬೇಸಿಗೆಯಲ್ಲಿ ಈ ಊರಿಗೆ ಜನ ಬರುವುದು ದೀಪಸ್ತಂಭವನ್ನು ನೋಡುವುದಕ್ಕಿಂತ ಹೆಚ್ಚಾಗಿ ಸಾಲ್ಮನ್ ಮತ್ತು ಟ್ರೌಟ್ ಎಂಬ ಮೀನುಗಳನ್ನು ಗಾಳಕ್ಕೆ ಹಿಡಿಯುವುದಕ್ಕಾಗಿ.

ಗಾಳ ಹಾಕಿ ಕೂಡುವುದು ಕೆಲಸವಿಲ್ಲದವರ ಕೆಲಸವೆಂಬ ಭಾವನೆ ನಮ್ಮಲ್ಲಿ ಉಂಟು. ನದಿಯ ದಡದಲ್ಲಿ, ಮರದ ನೆರಳಿನಲ್ಲಿ, ಬಿದಿರುಕೋಲು ಹಿಡಿದು ಎರೆಹುಳುವನ್ನು ನೀರಿಗೆ ಬಿಟ್ಟು ತೂಕಡಿಸುವವನ ವಿಷಯದಲ್ಲಿ ಆ ಮಾತು ಸಲ್ಲಬಹುದು. ನದಿಯಲ್ಲಿ ಮೀನು ಎಲ್ಲಿರುವುದೆಂದು ಕಣ್ಣೇ ಹೇಳುತ್ತದೆ: ಬಂಡೆಯ ಹಿಂದೆ, ಮಡುವಿನಲ್ಲಿ, ಬೇರಿನ ಕೆಳಗೆ. ಇಪ್ಪತ್ತೆರಡು ಸಾವಿರ ಚದರ ಮೈಲಿಗಳ ಬಯಲುನೀರಿನಲ್ಲಿ ಬಂಡೆಯೂ ಇಲ್ಲ, ಬೇರೂ ಇಲ್ಲ. ಮೀನು ಹತ್ತು ಅಡಿ ಕೆಳಗಿರಬಹುದು, ಇನ್ನೂರು ಅಡಿ ಕೆಳಗಿರಬಹುದು. ಈ ದಿನ ಇಲ್ಲಿದ್ದದ್ದು ನಾಳೆ ಹತ್ತು ಮೈಲಿ ಆಚೆ. ಅದನ್ನು ಹುಡುಕುವ ವಿದ್ಯೆಯನ್ನು ಅಲ್ಲಿನವರು ಕೇವಲ ಅರವತ್ತು ವರ್ಷಗಳೊಳಗೆ ಕಟ್ಟಿಕೊಂಡಿರುವರು. ಏಕೆಂದರೆ ಆ ಮೀನೇ ಅಲ್ಲಿಗೆ ಬಂದು ಅಷ್ಟು ವರ್ಷವಾಯಿತು. ಈ ಕಥೆಯನ್ನು ಮೊದಲು ಹೇಳದಿದ್ದರೆ ಗಾಳದ ಮಾತು ಅರ್ಥವಾಗದು.

ಮಿಚಿಗನ್ ಸರೋವರದ ಹುಟ್ಟುಮೀನು ಸಾಲ್ಮನ್ ಅಲ್ಲ. ಅಲ್ಲಿ ದೊರೆಯಂತಿದ್ದದ್ದು ಕೆರೆಟ್ರೌಟ್ ಎಂದು ನಾವು ಕರೆಯಬಹುದಾದ ಒಂದು ಮೀನು. ತಣ್ಣನೆಯ ಆಳದಲ್ಲಿ ನಿಧಾನವಾಗಿ ಬೆಳೆದು ಹತ್ತಾರು ವರ್ಷ ಬದುಕುವಂಥದು. ಒಡಾವಾ, ಒಜಿಬ್ವೆ ಮೊದಲಾದ ಮೂಲನಿವಾಸಿಗಳು ತಲೆತಲಾಂತರದಿಂದ ಬಲೆ ಬೀಸಿ ಈ ನೀರಿನ ಮೀನಿನಿಂದ ಜೀವಿಸಿದ್ದರು; ಅವರ ಬಳಿಕ ಬಿಳಿಯರೂ ಬಲೆ ಹಾಕಿ ಸಂಪಾದಿಸಿದರು. ಕೇಡು ಬಂದದ್ದು ನೀರಿನ ಹಾದಿಯಲ್ಲಿಯೇ. ನಯಾಗರಾ ಜಲಪಾತವು ಸಮುದ್ರದ ಜೀವಿಗಳಿಗೆ ಯುಗಯುಗಗಳಿಂದ ಕೋಟೆಯಾಗಿ ನಿಂತಿದ್ದಿತು. ಹಡಗುಗಳು ಹೋಗಬೇಕೆಂದು ಅದರ ಬದಿಯಲ್ಲಿ ವೆಲೆಂಡ್ ಕಾಲುವೆಯನ್ನು ತೋಡಿದರು. ಆ ಕಾಲುವೆಯಲ್ಲಿ ಹಡಗಿನೊಂದಿಗೆ ಲ್ಯಾಂಪ್ರಿ ಎಂಬ ಹಾವಿನಾಕಾರದ ಮೀನೂ ಬಂದಿತು. ಅದಕ್ಕೆ ದವಡೆಯಿಲ್ಲ, ದುಂಡನೆಯ ಬಾಯಿ, ಅದರ ತುಂಬ ಹಲ್ಲು. ದೊಡ್ಡ ಮೀನಿನ ಪಕ್ಕೆಗೆ ಜಿಗಣೆಯಂತೆ ಕಚ್ಚಿ, ಚರ್ಮವನ್ನು ಕೊರೆದು, ರಕ್ತವನ್ನು ಹೀರುವುದು. ಒಂದೊಂದು ಲ್ಯಾಂಪ್ರಿಯೂ ತನ್ನ ಜೀವಿತದಲ್ಲಿ 40 ಪೌಂಡಿನಷ್ಟು ಮೀನನ್ನು ಕೊಲ್ಲಬಲ್ಲದೆಂದು ಲೆಕ್ಕ ಹಾಕಿದ್ದಾರೆ. 1921ರಲ್ಲಿ ಈರೀ ಸರೋವರದಲ್ಲಿ ಕಾಣಿಸಿಕೊಂಡ ಇದು 1936ರಲ್ಲಿ ಮಿಚಿಗನ್ ಸರೋವರವನ್ನು ಮುಟ್ಟಿತು. ಇಪ್ಪತ್ತು ವರ್ಷಗಳೊಳಗಾಗಿ ಆ ಸರೋವರದಲ್ಲಿ ಹುಟ್ಟಿದ ಕೆರೆಟ್ರೌಟ್ ಎಂಬುದೇ ಇಲ್ಲದಂತಾಯಿತು.

ಹುಲಿಯಿಲ್ಲದ ಕಾಡಿನಲ್ಲಿ ಜಿಂಕೆ ಹೆಚ್ಚುವಂತೆ, ತಿನ್ನುವ ದೊಡ್ಡ ಮೀನು ಹೋದಮೇಲೆ ಏಲ್‌ವೈಫ್ ಎಂಬ ಗೇಣುದ್ದದ ಬೆಳ್ಳಿಬಣ್ಣದ ಮೀನು ಹೆಚ್ಚಿತು. ಇದೂ ಸಮುದ್ರದಿಂದ ಬಂದದ್ದೇ. 1949ರಲ್ಲಿ ಮೊದಲು ಮಿಚಿಗನ್ ಸರೋವರದಲ್ಲಿ ಕಂಡಿತು. ಸಿಹಿನೀರಿನ ಶೀತೋಷ್ಣದ ಏರಿಳಿತವನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. 1967ರ ಬೇಸಿಗೆಯಲ್ಲಿ ಅವು ಕೋಟಿಗಟ್ಟಲೆ ಸತ್ತು ದಡಕ್ಕೆ ಬಂದು ಬಿದ್ದುವು. ಮರಳಿನ ಮೇಲೆ ಮೊಣಕಾಲಿನವರೆಗೆ ಸತ್ತ ಮೀನಿನ ರಾಶಿ. ಯಂತ್ರಗಳಿಂದ ಬಾಚಿ ಹೂಳಬೇಕಾಯಿತು. ಸಮುದ್ರಸ್ನಾನಕ್ಕೆಂದು ಬರುವವರನ್ನು ನಂಬಿಕೊಂಡಿದ್ದ ಊರುಗಳು ಮೂಗು ಮುಚ್ಚಿಕೊಂಡು ಬಾಗಿಲು ಹಾಕಿದುವು.

ಇದಕ್ಕೆ ಮೂರು ವರ್ಷ ಮೊದಲು, 1964ರಲ್ಲಿ, ಹೊವರ್ಡ್ ಟ್ಯಾನರ್ ಎಂಬಾತನು ಮಿಚಿಗನ್ ಸಂಸ್ಥಾನದ ಮೀನುಗಾರಿಕೆಯ ಇಲಾಖೆಗೆ ಮುಖ್ಯಾಧಿಕಾರಿಯಾಗಿ ಬಂದಿದ್ದನು. ಲ್ಯಾಂಪ್ರಿಯ ಮರಿಗಳನ್ನು ಮಾತ್ರ ಕೊಂದು ಇತರ ಮೀನುಗಳನ್ನು ಉಳಿಸುವ ಒಂದು ಮದ್ದನ್ನು, ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿದ ಬಳಿಕ, 1950ರ ದಶಕದ ಕೊನೆಗೆ ಕಂಡುಹಿಡಿದಿದ್ದರು. ಶತ್ರುವಿನ ಕಾಟ ತಗ್ಗಿದ್ದಿತು. ತಿನ್ನಲು ಏಲ್‌ವೈಫ್ ಬೇಕಾದಷ್ಟಿದ್ದಿತು. ತಿನ್ನುವವರನ್ನು ತಂದು ಬಿಟ್ಟರೆ ಸರಿ ಎಂದು ಟ್ಯಾನರನು ಯೋಚಿಸಿದನು. ಪೆಸಿಫಿಕ್ ಸಮುದ್ರದ ಕಡೆಯ ಆರಿಗನ್ ಸಂಸ್ಥಾನದಿಂದ ಕೋಹೊ ಸಾಲ್ಮನ್ನಿನ ಹತ್ತು ಲಕ್ಷ ಮೊಟ್ಟೆಗಳನ್ನು ತರಿಸಿ, ಮರಿಮಾಡಿಸಿ, 1966ರ ವಸಂತದಲ್ಲಿ ಪ್ಲ್ಯಾಟ್ ನದಿಯೇ ಮೊದಲಾದ ತೊರೆಗಳಲ್ಲಿ ಬಿಡಿಸಿದನು. ಮರುವರ್ಷ ಇನ್ನೂ ದೊಡ್ಡದಾದ ಚಿನೂಕ್ ಸಾಲ್ಮನ್ನನ್ನೂ ಬಿಟ್ಟರು. ಗೇಣುದ್ದವಿಲ್ಲದ ಕೋಹೊ ಮರಿಗಳು ಹದಿನೆಂಟು ತಿಂಗಳಲ್ಲಿ ತೋಳುದ್ದದ ಮೀನುಗಳಾಗಿ ಹಿಂದಿರುಗಿದಾಗ ಜನರಿಗೆ ಹುಚ್ಚು ಹಿಡಿಯಿತೆಂದರೆ ಅತಿಶಯೋಕ್ತಿಯಲ್ಲ. ಸಣ್ಣ ಕೆರೆಗಳಲ್ಲಿ ಆಡಿಸುವಂಥ ಪುಟ್ಟ ದೋಣಿಗಳನ್ನು ಮೋಟಾರಿಗೆ ಕಟ್ಟಿಕೊಂಡು ಬಂದು ಆ ಮಹಾಸರೋವರಕ್ಕೆ ಇಳಿಸಿದರು. 1967ರ ಸೆಪ್ಟೆಂಬರ್ 23ರಂದು, ಗಾಳಿಯ ಎಚ್ಚರಿಕೆಯ ಬಾವುಟ ಹಾರುತ್ತಿದ್ದರೂ ಲೆಕ್ಕಿಸದೆ ಹೋದವರ ಮೇಲೆ ಬಿರುಗಾಳಿ ಎದ್ದು ಏಳು ಮಂದಿ ಮುಳುಗಿಹೋದರು. ಇಷ್ಟಾದರೂ ಮುಂದಿನ ವಾರ ದೋಣಿಗಳ ಸಾಲು ಕರಗಲಿಲ್ಲ.

ಹೀಗೆ ಮೀನು ಬಂದಿತು. ಅದನ್ನು ಹಿಡಿಯುವ ಬಗೆ ಯಾರಿಗೂ ತಿಳಿಯದು. ಅಲ್ಲಿನ ಈ ವಿದ್ಯೆ ಬೆಳೆದದ್ದು ಆಮೇಲೆ.

ನನ್ನ ತಂಗಿಯ ಮಗನು ಡೆಟ್ರಾಯಿಟ್ ನಗರದ ಬಳಿ ಮೋಟಾರು ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಆ ಸೀಮೆಯಲ್ಲಿ ಇಂಥ ಕೆಲಸದಲ್ಲಿರುವ ಕನ್ನಡಿಗರು ಅನೇಕರುಂಟು. ಒಂದು ಆಗಸ್ಟ್ ತಿಂಗಳಲ್ಲಿ ಅವನೊಡನೆ ಲಡಿಂಗ್ಟನ್ನಿಗೆ ಹೋಗಿ, ಬಾಡಿಗೆಗೆ ಜನರನ್ನು ಕರೆದೊಯ್ಯುವ ದೋಣಿಯೊಂದನ್ನು ಹತ್ತಿದೆವು. ಬೆಳಗಿನ ಜಾವ ನಾಲ್ಕೂವರೆ ಗಂಟೆ. ಚುಕ್ಕಿಗಳು ಇನ್ನೂ ಮಾಸಿರಲಿಲ್ಲ. ಬೇಸಿಗೆಯಾದರೂ ಕಂಬಳಿ ಹೊದೆಯುವಂಥ ಚಳಿ. ಹೊತ್ತು ಹುಟ್ಟುವುದಕ್ಕೆ ಮೊದಲಿನ ಒಂದು ಗಂಟೆ, ಹೊತ್ತು ಮುಳುಗಿದ ಮೇಲಿನ ಒಂದು ಗಂಟೆ, ಇವೆರಡೇ ಚಿನೂಕಿನ ಊಟದ ವೇಳೆಗಳೆಂದು ದೋಣಿಯ ಯಜಮಾನನು ಹೇಳಿದನು. ಆತನಿಗೆ ಅರವತ್ತು ದಾಟಿತ್ತು, ಮಾತು ಕಡಿಮೆ. ಅವನ ಸಹಾಯಕ್ಕೆ ಹತ್ತೊಂಬತ್ತರ ಹುಡುಗನೊಬ್ಬನಿದ್ದನು.

ದೀಪದ ಕಟ್ಟೆಯನ್ನು ದಾಟಿದೊಡನೆ ಯಜಮಾನನು ಮಾಡಿದ ಮೊದಲ ಕೆಲಸವೆಂದರೆ ನೀರಿನ ಜ್ವರವನ್ನು ನೋಡುವುದು. ಹಾಗೆಂದು ನನ್ನ ಸೋದರಳಿಯನು ತಮಾಷೆಗೆ ಹೇಳಿದನು. ವಸ್ತುತಃ ಅದೇ ಸರಿ. ಉಷ್ಣತೆಯನ್ನು ಅಳೆಯುವ ಒಂದು ಸಣ್ಣ ಯಂತ್ರವನ್ನು ತಂತಿಗೆ ಕಟ್ಟಿ ಕೆಳಗೆ ಇಳಿಸುತ್ತಾರೆ. ಅದು ಮೇಲಿರುವ ಗಾಜಿನ ಹಲಗೆಯ ಮೇಲೆ ಅಂಕೆಗಳನ್ನು ತೋರಿಸುತ್ತ ಹೋಗುತ್ತದೆ. ಮೇಲಿನ ನೀರು 70 ಡಿಗ್ರಿ ಫಾರನ್‌ಹೀಟ್. ನಲವತ್ತು ಅಡಿಯವರೆಗೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಂದ ಮುಂದೆ ಮೆಟ್ಟಿಲು ಇಳಿದಂತೆ ತಟಕ್ಕನೆ 60, 55, 50. ಇನ್ನೂ ಕೆಳಕ್ಕೆ ಹೋದರೆ ಚಳಿಗಾಲದ ನೀರು ಹಾಗೆಯೇ ಕುಳಿತಿದೆ. ಬಿಸಿನೀರು ಹಗುರ, ತಣ್ಣೀರು ಭಾರ. ಆದ ಕಾರಣ ಬೇಸಿಗೆಯಲ್ಲಿ ಈ ಎರಡೂ ಬೆರೆಯದೆ ಎಣ್ಣೆ ನೀರುಗಳಂತೆ ಒಂದರ ಮೇಲೊಂದು ನಿಲ್ಲುತ್ತವೆ. ಎರಡರ ನಡುವಣ ಆ ತೆಳುಪದರವೇ ಬೇಟೆಯ ನೆಲ. ಚಿನೂಕ್ ಸಾಲ್ಮನ್ನಿಗೆ 52ರಿಂದ 55 ಡಿಗ್ರಿಯ ನೀರು ಹಿತ. ಅದಕ್ಕೂ ಬಿಸಿಯಾದಲ್ಲಿ ಏಲ್‌ವೈಫ್ ಇರುವುದುಂಟು; ಹಸಿದಾಗ ಸಾಲ್ಮನ್ ಮೇಲೇರಿ ಬಾಯಿಹಾಕಿ ಮತ್ತೆ ತಂಪಿಗೆ ಇಳಿಯುತ್ತದೆ.

ಈ ಪದರವಾದರೂ ನಿಂತಲ್ಲಿ ನಿಲ್ಲುವುದಿಲ್ಲ. ಉತ್ತರದ ಗಾಳಿ ಎರಡು ಮೂರು ದಿನ ಎಡೆಬಿಡದೆ ಬೀಸಿದರೆ, ಭೂಮಿಯ ಆವರ್ತನದ ಕಾರಣದಿಂದ ಮೇಲಿನ ಬಿಸಿನೀರು ಗಾಳಿಯ ಬಲಬದಿಗೆ, ಎಂದರೆ ಪಶ್ಚಿಮಕ್ಕೆ, ಸರಿದುಹೋಗುತ್ತದೆ. ಪೂರ್ವದ ದಡದಲ್ಲಿ ಆ ತೆರವನ್ನು ತುಂಬಲು ಆಳದ ತಣ್ಣೀರು ಮೇಲೆದ್ದು ಬರುತ್ತದೆ. ನಿನ್ನೆ ಈಜುತ್ತಿದ್ದ ಮಕ್ಕಳು ಈ ದಿನ ಕಾಲಿಟ್ಟೊಡನೆ ಚೀರಿ ಓಡುವುದು ಇಂಥ ದಿನಗಳಲ್ಲಿಯೇ. ಅಂದು ಸಾಲ್ಮನ್ ದಡದ ಹತ್ತಿರಕ್ಕೆ ಬರುತ್ತದೆ. ಗಾಳಿ ತಿರುಗಿದರೆ ಬಿಸಿನೀರು ಮತ್ತೆ ದಡಕ್ಕೆ ರಾಶಿಬಿದ್ದು ಮೀನು ಹತ್ತು ಮೈಲಿ ದೂರಕ್ಕೆ, ನೂರು ಅಡಿ ಕೆಳಕ್ಕೆ ಹೋಗುತ್ತದೆ. ಆದುದರಿಂದ ಒಳ್ಳೆಯ ಬೇಟೆಗಾರನು ಹಿಂದಿನ ವಾರದ ಗಾಳಿಯ ಚರಿತ್ರೆಯನ್ನು ಬಾಯಿಪಾಠ ಹೇಳಬಲ್ಲನು.

ಮೀನಿರುವ ಆಳ ತಿಳಿಯಿತು. ಗಾಳವನ್ನು ಅಲ್ಲಿಗೆ ಒಯ್ಯುವುದು ಹೇಗೆ? ದೋಣಿ ನಿಲ್ಲುವುದಿಲ್ಲ, ಗಂಟೆಗೆ ಎರಡೂವರೆ ಮೈಲಿಯಂತೆ ಮೆಲ್ಲಗೆ ಹೋಗುತ್ತಲೇ ಇರಬೇಕು. ನಿಂತ ಗಾಳಕ್ಕೆ ಈ ಮೀನು ಬಾರದು. ಹೋಗುವ ದೋಣಿಯ ಹಿಂದೆ ಬಿಟ್ಟ ದಾರವು ಬಾಲದಂತೆ ಮೇಲಕ್ಕೆ ತೇಲಿಬರುವುದು. ದಾರಕ್ಕೇ ದೊಡ್ಡ ಸೀಸವನ್ನು ಕಟ್ಟಿದರೆ ಆಳಕ್ಕೆ ಹೋದೀತು, ಆದರೆ ಮೀನು ಸಿಕ್ಕಾಗ ಕೈಗೆ ತಿಳಿಯುವುದು ಸೀಸದ ಭಾರವೇ ಹೊರತು ಮೀನಿನ ಬಲವಲ್ಲ. ಈ ತೊಡಕನ್ನು ಬಿಡಿಸಿದ ಉಪಕರಣವನ್ನು ನೋಡಿ ನನಗೆ ಸಂತೋಷವಾಯಿತು. ಅದಕ್ಕೆ ಡೌನ್‌ರಿಗ್ಗರ್ ಎಂದು ಹೆಸರು. ನಮ್ಮ ಬಾವಿಯ ರಾಟೆಯನ್ನು ದೋಣಿಯ ಹಿಂಬದಿಗೆ ಬಿಗಿದಂತೆ ಎನ್ನಬಹುದು. ರಾಟೆಯಲ್ಲಿ ಉಕ್ಕಿನ ತಂತಿ. ತಂತಿಯ ತುದಿಯಲ್ಲಿ ಹತ್ತು ಹನ್ನೆರಡು ಪೌಂಡಿನ ಸೀಸದ ಗುಂಡು. ಗುಂಡಿನ ಬಳಿ ಬಟ್ಟೆ ಒಣಹಾಕುವಾಗ ಸಿಕ್ಕಿಸುವಂಥ ಒಂದು ಚಿಮಟಿಗೆ. ಗಾಳದ ದಾರವನ್ನು ಆ ಚಿಮಟಿಗೆಯಲ್ಲಿ ಕಚ್ಚಿಸಿ, ರಾಟೆಯನ್ನು ಬಿಟ್ಟರೆ ಗುಂಡು ತಾನೂ ಇಳಿದು ದಾರವನ್ನೂ ಇಳಿಸುತ್ತದೆ. ಎಷ್ಟು ಅಡಿ ಇಳಿಯಿತೆಂದು ಒಂದು ಲೆಕ್ಕದ ಮುಳ್ಳು ತೋರಿಸುತ್ತದೆ. ಮೇಲೆ ಕೋಲು ಬಿಲ್ಲಿನಂತೆ ಬಾಗಿ ನಿಂತಿರುತ್ತದೆ. ಮೀನು ಕಚ್ಚಿ ಎಳೆದೊಡನೆ ಚಿಮಟಿಗೆಯಿಂದ ದಾರ ಬಿಡಿಸಿಕೊಳ್ಳುವುದು; ಬಾಗಿದ ಕೋಲು ನೆಟ್ಟಗೆ ಚಿಮ್ಮುವುದು. ಆಮೇಲೆ ದಾರದ ಈ ತುದಿಯಲ್ಲಿ ಮನುಷ್ಯ, ಆ ತುದಿಯಲ್ಲಿ ಮೀನು. ಸೀಸಕ್ಕೆ ಇಬ್ಬರ ನಡುವೆ ಕೆಲಸವಿಲ್ಲ.

ಇಂಥ ರಾಟೆಗಳು ನಮ್ಮ ದೋಣಿಗೆ ನಾಲ್ಕು ಇದ್ದುವು. ಇವಲ್ಲದೆ ಇಬ್ಬದಿಗೂ ತಟ್ಟೆಯಾಕಾರದ ಮುಳುಗುಬಿಲ್ಲೆಗಳು. ನೀರಿನ ಒತ್ತಡಕ್ಕೆ ಇವು ತಾವಾಗಿಯೇ ಕೆಳಕ್ಕೆ ಧುಮುಕುತ್ತವೆ. ಅಡಿಯಲ್ಲಿರುವ ಒಂದು ಬಿಲ್ಲೆಯನ್ನು ತಿರುಗಿಸಿಟ್ಟರೆ ಎಡಕ್ಕೋ ಬಲಕ್ಕೋ ಸರಿದು ಓಡುತ್ತವೆ. ಮತ್ತೊಂದು ಬಗೆಯ ದಾರವುಂಟು, ಅದರ ಒಳಗೆ ಸೀಸದ ಎಳೆ, ಹೊರಗೆ ನೂಲಿನ ಹೆಣಿಗೆ. ಹತ್ತು ಗಜಕ್ಕೊಂದು ಬಣ್ಣ. ಎಷ್ಟು ಬಣ್ಣ ನೀರಿಗೆ ಹೋಯಿತೆಂದು ಎಣಿಸಿ ಆಳವನ್ನು ಊಹಿಸುವರು. ಮೇಲ್ಮಟ್ಟದಲ್ಲಿ ತಿರುಗುವ ಮೀನು ದೋಣಿಯ ಸದ್ದಿಗೆ ಬೆದರುವುದಾದ್ದರಿಂದ, ದಾರವನ್ನು ಒಂದು ಸಣ್ಣ ಹಲಗೆಗೆ ಸಿಕ್ಕಿಸಿ, ಆ ಹಲಗೆ ಗಾಳಿಪಟದಂತೆ ದೋಣಿಯಿಂದ ನೂರಡಿ ಪಕ್ಕಕ್ಕೆ ತಾನೇ ಸರಿದುಹೋಗುವಂತೆ ಮಾಡುವರು. ಹೀಗೆ ಹನ್ನೆರಡು ದಾರಗಳು ಬೇರೆ ಬೇರೆ ಆಳದಲ್ಲಿ, ಬೇರೆ ಬೇರೆ ದೂರದಲ್ಲಿ, ಒಂದಕ್ಕೊಂದು ತೊಡರದೆ ಹೋಗುತ್ತಿರುವುದನ್ನು ಆ ಹುಡುಗನು ಕತ್ತಲೆಯಲ್ಲಿಯೇ ಹವಣಿಸಿದನು. ನೇಕಾರನು ಹಾಸು ಕಟ್ಟುವುದನ್ನು ನೋಡಿದ ನೆನಪಾಯಿತು.

ದಾರದ ತುದಿಗೆ ಕಟ್ಟುವುದು ಎರೆಯಲ್ಲ, ಬಹುತೇಕ ತಗಡು. ಇದಕ್ಕೆ ‘ಚಮಚ’ವೆಂದೇ ಹೆಸರು. ನ್ಯೂಯಾರ್ಕ್ ಸಂಸ್ಥಾನದ ಜೂಲಿಯೋ ಬ್ಯೂಯೆಲ್ ಎಂಬವನು ದೋಣಿಯಲ್ಲಿ ಉಣ್ಣುವಾಗ ಕೈಜಾರಿ ಬಿದ್ದ ಚಮಚವನ್ನು ಮೀನೊಂದು ನುಂಗಬಂದದ್ದನ್ನು ಕಂಡು, ಮನೆಗೆ ಹೋಗಿ ಚಮಚದ ಹಿಡಿಯನ್ನು ಕತ್ತರಿಸಿ ಗಾಳ ಕಟ್ಟಿದನೆಂದು ಕಥೆ. ಕಥೆಯೆಷ್ಟು ನಿಜವೋ, ಆತನು 1852ರಲ್ಲಿ ಅದಕ್ಕೆ ಸರ್ಕಾರದ ಹಕ್ಕುಪತ್ರ ಪಡೆದದ್ದಂತೂ ನಿಜ. (ಅವನ ಮನೆಯಾಕೆ ಚಮಚಗಳ ಲೆಕ್ಕ ಕೇಳಿದಳೋ ಇಲ್ಲವೋ ಕಥೆಯಲ್ಲಿಲ್ಲ.) ಎಳೆದಂತೆಲ್ಲ ಅದು ಹೊರಳಿ ಮಿನುಗಿ, ಗಾಯಗೊಂಡ ಏಲ್‌ವೈಫಿನಂತೆ ಕಾಣುತ್ತದೆ. ಇನ್ನೊಂದು ವಿಧದಲ್ಲಿ ಅಗಲವಾದ ಹೊಳೆಯುವ ಪಟ್ಟಿಯೊಂದು ಮುಂದೆ ಸುತ್ತುತ್ತ ಹೋಗುತ್ತದೆ. ಅದರ ಹಿಂದೆ ಎರಡು ಮೂರು ಅಡಿ ದೂರದಲ್ಲಿ ಜರಿಯ ಕುಚ್ಚಿನಲ್ಲಿ ಬಚ್ಚಿಟ್ಟ ಗಾಳ. ಬಣ್ಣದ ವಿಷಯ ಬಹಳ ಸೂಕ್ಷ್ಮ. ನೀರು ಕೆಂಪನ್ನು ಮೊದಲು ನುಂಗುತ್ತದೆ. ಐವತ್ತು ಅಡಿ ಕೆಳಗೆ ಕುಂಕುಮವೂ ಕಾಡಿಗೆಯೂ ಒಂದೇ. ಹಸಿರು ನೀಲಿಗಳು ಬಹಳ ಆಳದವರೆಗೆ ಉಳಿಯುತ್ತವೆ. ಅದಕ್ಕಾಗಿ ಆಳದ ಗಾಳಕ್ಕೆ ಹಸಿರು ನೀಲಿ. ಕತ್ತಲೆಯಲ್ಲಿ ಮಿಂಚುಹುಳುವಿನಂತೆ ಹೊಳೆಯುವ ಬಣ್ಣ. ಆ ಹೊಳಪಿಗೆ ಹುಡುಗನು ಪ್ರತಿಯೊಂದು ತಗಡಿಗೂ ಕೈದೀಪವನ್ನು ಹಿಡಿದು ‘ಬೆಳಕು ಕುಡಿಸಿ’ ನೀರಿಗೆ ಬಿಡುತ್ತಿದ್ದನು.

ಎಲ್ಲ ಮೀನಿಗೂ ಒಂದೇ ಉಪಾಯ ನಡೆಯದು. ಕೋಹೊ ವಸಂತದಲ್ಲಿ ನೀರು ಬೇಗ ಬೆಚ್ಚಗಾಗುವ ದಕ್ಷಿಣದ ಕೊನೆಯಲ್ಲಿ, ಷಿಕಾಗೋ ಇಂಡಿಯಾನಾಗಳ ಕಡೆ, ಗುಂಪು ಸೇರುವುದು. ಸ್ಟೀಲ್‌ಹೆಡ್ ಎಂಬ ಟ್ರೌಟ್ ಬಿಸಿನೀರಿನ ಅಂಚಿನಲ್ಲಿ, ಕಸಕಡ್ಡಿ ಹುಳುಹುಪ್ಪಟೆ ತೇಲಿ ಸೇರಿದ ಗೆರೆಗಳ ಕೆಳಗೆ, ಬಹು ಮೇಲೆ ಇರುವುದು. ಸಿಕ್ಕಿಬಿದ್ದರೆ ಆಳು ಎತ್ತರಕ್ಕೆ ನೆಗೆಯುವುದು. ಇದನ್ನು ಪಶ್ಚಿಮದಿಂದ ತಂದು ಹ್ಯೂರಾನ್ ಸರೋವರಕ್ಕೆ ಕೂಡುವ ತೊರೆಗೆ 1876ರಲ್ಲಿಯೇ ಬಿಟ್ಟಿದ್ದರು. ಕೆರೆಟ್ರೌಟನ್ನು 1965ರಿಂದ ಮೊಟ್ಟೆಯೊಡೆಸಿ ಸಾಕಿ ಬಿಡುತ್ತ ಬಂದಿರುವರು. ಅದು ತಳದ ಕೆಸರಿನ ಮೇಲೆಯೇ ಇರುವ ಸೋಮಾರಿ. ಗುಂಡು ತಳಕ್ಕೆ ಬಡಿದು ಧೂಳೆಬ್ಬಿಸುವಂತೆ ಬಿಟ್ಟು, ದೋಣಿಯನ್ನು ಇನ್ನೂ ನಿಧಾನ ಮಾಡಿದರೆ ಬಂದು ನೋಡುವುದು.

ಆರು ಗಂಟೆಯ ಸುಮಾರಿಗೆ, ಪೂರ್ವದ ಮರಳುದಿಬ್ಬಗಳು ಮಸಕಾಗಿ ಕಾಣತೊಡಗಿದಾಗ, ಹಿಂದಿನ ಎಡಗೋಲು ಫಟ್ಟನೆ ಚಿಮ್ಮಿ ಮರುಕ್ಷಣವೇ ನೀರಿಗೆ ಬಾಗಿತು. “ಮಾವ, ನೀವು ಹಿಡಿಯಿರಿ!” ಎಂದು ಸೋದರಳಿಯನು ಕೋಲನ್ನು ನನ್ನ ಕೈಗಿತ್ತನು. ದಾರವು ಸುರುಳಿಯಿಂದ ಕಿರ್ರೆಂದು ಕೂಗುತ್ತ ಮುನ್ನೂರು ಅಡಿ ಓಡಿತು. ಅದನ್ನು ತಡೆಯಲು ಹೋಗಬಾರದೆಂದು ಯಜಮಾನನು ಕೈಸನ್ನೆ ಮಾಡಿದನು. ಸುರುಳಿಯೊಳಗೆ ಬಿರಡೆಯೊಂದುಂಟು; ದಾರ ಹರಿಯುವ ಮಟ್ಟಕ್ಕಿಂತ ಸ್ವಲ್ಪ ಕಡಿಮೆ ಬಿಗಿಗೆ ಅದನ್ನು ಇಟ್ಟಿರುತ್ತಾರೆ. ಮೀನು ಓಡುವಾಗ ಕೊಡಬೇಕು. ದಣಿದು ನಿಂತಾಗ ಕೋಲನ್ನು ಎತ್ತಿ, ತಗ್ಗಿಸುವಾಗ ಸುತ್ತಿಕೊಳ್ಳಬೇಕು. ದಾರ ಸಡಿಲವಾಯಿತೋ ಗಾಳ ಕಳಚಿತು. ಇಪ್ಪತ್ತು ನಿಮಿಷದ ಈ ಕೊಡುಕೊಳ್ಳುವಿಕೆಯಲ್ಲಿ ನನ್ನ ತೋಳು ಸೋತು ನಡುಗಲಾರಂಭಿಸಿತು. ಮೀನು ದೋಣಿಯ ಹತ್ತಿರಕ್ಕೆ ಬಂದು ದೀಪವನ್ನು ಕಂಡು ಎರಡು ಸಾರಿ ಮತ್ತೆ ಧುಮುಕಿತು. ಕೊನೆಗೆ ಹುಡುಗನು ಕೈಬಲೆಯನ್ನು ನೀರಿನಲ್ಲಿ ಅಲುಗಿಸದೆ ಹಿಡಿದು, ಮೀನು ತಲೆಮುಂದಾಗಿ ತಾನೇ ಬಲೆಯೊಳಗೆ ಬರುವಂತೆ ಮಾಡಿದನು. ಬಲೆಯನ್ನು ಬೀಸಿ ಬೆನ್ನಟ್ಟಿದರೆ ದಾರಕ್ಕೆ ತಗುಲಿ ಮೀನು ಹೋದಂತೆಯೇ. ಬೆನ್ನು ಹಸಿರುಗಪ್ಪು, ಪಕ್ಕೆ ಹೊಸ ಬೆಳ್ಳಿಯ ಪಾತ್ರೆ, ಬಾಯೊಳಗೆ ಮಸಿ ಬಳಿದಂತೆ ಕಪ್ಪು. ಹದಿನೆಂಟು ಪೌಂಡು ತೂಗಿತು. ಅವರ ಲೆಕ್ಕಕ್ಕೆ ಇದು ಸಾಧಾರಣ. 2021ರಲ್ಲಿ ಲಡಿಂಗ್ಟನ್ನಿನ ಬಳಿಯೇ 47.86 ಪೌಂಡಿನ ಚಿನೂಕ್ ಸಿಕ್ಕಿ ಆ ಸಂಸ್ಥಾನದ ದಾಖಲೆಯಾಯಿತು.

ಆ ದೇಹಕ್ಕೆ ಉಳಿದಿದ್ದ ಆಯುಷ್ಯ ಎರಡು ತಿಂಗಳು. ಮೂರು ನಾಲ್ಕು ವರ್ಷ ಸರೋವರದಲ್ಲಿ ಬೆಳೆದ ಚಿನೂಕ್ ಶರತ್ಕಾಲದಲ್ಲಿ ತಾನು ಹುಟ್ಟಿದ ತೊರೆಯನ್ನೇ ಹುಡುಕಿಕೊಂಡು ಹೋಗಿ, ಉಣ್ಣುವುದನ್ನು ಬಿಟ್ಟು, ಮೊಟ್ಟೆಯಿಟ್ಟು ಸಾಯುತ್ತದೆ. ದಾರಿಯನ್ನು ಮೂಸಿ ತಿಳಿಯುವುದೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಇದೇ ಸರೋವರದಲ್ಲಿ ತೋರಿಸಿದರು. ಕೋಹೊ ಮರಿಗಳನ್ನು ಒಂದು ರಾಸಾಯನಿಕದ ವಾಸನೆಯ ನೀರಿನಲ್ಲಿ ಬೆಳೆಸಿ ಬಿಟ್ಟು, ಅವು ದೊಡ್ಡವಾಗಿ ಬರುವ ಕಾಲಕ್ಕೆ ಅದೇ ವಾಸನೆಯನ್ನು ಒಂದು ತೊರೆಗೆ ಹನಿಸಿದರೆ, ಆ ಮೀನುಗಳು ಆ ತೊರೆಗೇ ಬಂದುವು. ತವರಿನ ನೆನಪು ಮೂಗಿನಲ್ಲಿರುವುದೆಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಪ್ರಯೋಗಮಾಡಿ ತೋರಿಸಬೇಕಾಗಿಲ್ಲ.

ಹೊತ್ತು ಏರಿದ ಮೇಲೆ ಮೀನು ಕಚ್ಚುವುದು ನಿಂತಿತು. ನೀರಿನೊಳಕ್ಕೆ ಬಾಗಿ ನೋಡಿದೆ. ತಿಳಿಗಾಜಿನಂತೆ, ಸೀಸದ ಗುಂಡು ಇಳಿಯುತ್ತಿರುವುದು ಬಹು ಕೆಳಗಿನವರೆಗೂ ಕಾಣುತ್ತಿದ್ದಿತು. ಎಷ್ಟು ನಿರ್ಮಲವೆಂದು ನಾನು ಹೊಗಳಿದೆ. ಯಜಮಾನನು ಮೊದಲ ಬಾರಿಗೆ ನಾಲ್ಕು ಮಾತು ಸೇರಿಸಿ ಆಡಿದನು. ಈ ತಿಳಿಯೇ ತಮಗೆ ಭಯವೆಂದೂ, ತಾನು ಹುಡುಗನಾಗಿದ್ದಾಗ ನೀರು ಹಸುರಾಗಿದ್ದಿತೆಂದೂ, ಆ ಹಸುರೇ ಮೀನಿನ ಅನ್ನವೆಂದೂ ಹೇಳಿದನು.

ಅವನ ಮಾತಿನ ಹಿನ್ನೆಲೆ ಇದು. ದೂರದೇಶದ ಹಡಗುಗಳು ತಮ್ಮ ಹೊಟ್ಟೆಯಲ್ಲಿ ತುಂಬಿಕೊಂಡು ಬಂದು ಚೆಲ್ಲಿದ ನೀರಿನೊಡನೆ ಕಪ್ಪುಸಮುದ್ರದ ಕಡೆಯ ಎರಡು ಜಾತಿಯ ಸಣ್ಣ ಕಪ್ಪೆಚಿಪ್ಪಿನ ಹುಳುಗಳು ಈ ಸರೋವರಗಳಿಗೆ ಬಂದುವು: ಮೊದಲನೆಯದು 1980ರ ದಶಕದ ಕೊನೆಗೆ, ಕ್ವಾಗಾ ಎಂಬ ಎರಡನೆಯದು 1997ರಲ್ಲಿ ಮಿಚಿಗನ್ನಿಗೆ. ಇಂದು ತಳವೆಲ್ಲ ಅವುಗಳ ಹಾಸು. ಪ್ರತಿಯೊಂದೂ ನೀರನ್ನು ಸೋಸಿ ಅದರಲ್ಲಿರುವ ಹಸಿರು ಅಣುಸಸ್ಯಗಳನ್ನು ತಿನ್ನುತ್ತದೆ. ಅವನ್ನು ತಿಂದು ಬದುಕುವ ಕಿರುಜೀವಿಗಳಿಲ್ಲದೆ ಏಲ್‌ವೈಫ್ ಸೊರಗುತ್ತದೆ. ಏಲ್‌ವೈಫ್ ಇಲ್ಲದೆ ಚಿನೂಕ್ ಇಲ್ಲ, ಏಕೆಂದರೆ ಇದು ಬೇರೆ ಆಹಾರಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಪಕ್ಕದ ಹ್ಯೂರಾನ್ ಸರೋವರದಲ್ಲಿ 2003–04ರ ಹೊತ್ತಿಗೆ ಏಲ್‌ವೈಫ್ ಕುಸಿದುಬಿದ್ದಿತು. ಅದರ ಹಿಂದೆಯೇ ಚಿನೂಕೂ ಹೋಯಿತು. ಅಲ್ಲಿನ ರೇವುಗಳಲ್ಲಿ ಬಾಡಿಗೆ ದೋಣಿಗಳೂ ಗಾಳದ ಅಂಗಡಿಗಳೂ ಒಂದೊಂದಾಗಿ ಮುಚ್ಚಿದುವು.

ಹೀಗಿರಲು ಒಂದು ಕಾಲಕ್ಕೆ ಮೂಗು ಮುಚ್ಚಿಕೊಂಡು ಹೂಳಿದ ಮೀನನ್ನೇ ಈಗ ಕಾಪಾಡಬೇಕಾಗಿ ಬಂದಿದೆ. ತಿನ್ನುವ ಬಾಯಿಗಳು ಹೆಚ್ಚಾದರೆ ಮಿಚಿಗನ್ ಸರೋವರಕ್ಕೂ ಹ್ಯೂರಾನಿನ ಗತಿಯೇ ಎಂದು ಸುತ್ತಣ ಸಂಸ್ಥಾನಗಳು ಸೇರಿ 1999ರಲ್ಲಿ, 2006ರಲ್ಲಿ, ಮತ್ತೆ 2013ರಲ್ಲಿ ಬಿಡುವ ಚಿನೂಕ್ ಮರಿಗಳ ಸಂಖ್ಯೆಯನ್ನು ಇಳಿಸಿದುವು. 2013ರಲ್ಲಂತೂ ಅರ್ಧಕ್ಕೆ ಇಳಿಸಿದರು. ದೋಣಿಗಳವರು ಮೀನನ್ನು ಹೆಚ್ಚು ಬಿಡಿರೆಂದು ಕೇಳುವುದು ಸಹಜ. ಹೆಚ್ಚು ಬಿಟ್ಟರೆ ಎಲ್ಲವೂ ಹೋದೀತೆಂಬುದೂ ಅವರಿಗೆ ಗೊತ್ತು. ಬಲೆಯವರ ಪಾಡು ಬೇರೆ. ಸಾಲ್ಮನ್ ಬಂದಮೇಲೆ ಸಂಸ್ಥಾನವು ಗಾಳದವರ ಪಕ್ಷವನ್ನು ಹಿಡಿದು ಬಲೆಗಳನ್ನು ಬಹುಮಟ್ಟಿಗೆ ಒತ್ತರಿಸಿತು. ಆದರೆ 1836ರ ಒಪ್ಪಂದದಂತೆ ಮೂಲನಿವಾಸಿಗಳಿಗೆ ಮೀನು ಹಿಡಿಯುವ ಹಕ್ಕು ಉಳಿದಿದೆಯೆಂದು 1979ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು. ಅಂದು ರೇವುಗಳಲ್ಲಿ ನಡೆದ ಕಹಿ ಜಗಳಗಳನ್ನು ಹಳಬರು ಇನ್ನೂ ಮರೆತಿಲ್ಲ. ಹೊಳೆಯುವ ಮೀನನ್ನು ತಂದು ಬಿಟ್ಟವರು ಅದು ಯಾರ ಮೀನೆಂಬುದನ್ನು ಮೊದಲೇ ಕೇಳಿಕೊಳ್ಳಬೇಕಾಗಿತ್ತೆಂದು ನನಗೆ ತೋರುತ್ತದೆ.

ನೀರು ತಿಳಿಯಾದಷ್ಟೂ ಬೇಟೆಯೂ ಬಿಗಿಯಾಗುತ್ತ ಬಂದಿದೆ. ಬೆಳಕು ಆಳಕ್ಕೆ ಹೋಗುವುದರಿಂದ ಮೀನೂ ಆಳಕ್ಕೆ. ದಾರ ತೆಳುವಾಗಬೇಕು, ಗಾಳವು ಸೀಸದ ಗುಂಡಿನಿಂದ ಇನ್ನೂ ಹಿಂದೆ ಬರಬೇಕು, ಬೇಟೆಗಾರನು ಇನ್ನೂ ಬೇಗ ಏಳಬೇಕು. ಯಜಮಾನನ ತಂದೆಯ ಕಾಲದಲ್ಲಿ ಎಂಟು ಗಂಟೆಗೆ ಕಾಫಿ ಕುಡಿದು ಹೊರಟರೂ ಮೀನು ಸಿಕ್ಕುತ್ತಿತ್ತಂತೆ.

ಹತ್ತು ಗಂಟೆಗೆ ರೇವಿಗೆ ಹಿಂದಿರುಗಿದೆವು. ಮೂರು ಚಿನೂಕ್, ಒಂದು ಸ್ಟೀಲ್‌ಹೆಡ್, ಎರಡು ಕೆರೆಟ್ರೌಟ್. ರೇವಿನಲ್ಲಿ ಮೀನನ್ನು ಕೊಯ್ಯುವುದಕ್ಕೆಂದೇ ಕಟ್ಟಿದ ಮನೆಯಿದೆ. ಉದ್ದನೆಯ ಕಲ್ಲುಮೇಜು, ಹರಿಯುವ ನೀರು. ಮನೆವಾರ್ತೆಯವರು ತಿಳಿಯಬೇಕಾದ ಮಾತೊಂದು ಇಲ್ಲಿದೆ. ಹೊಲಗಳಿಂದ ಹರಿದು ಬಂದ ಡಿಡಿಟಿ ಎಂಬ ಕ್ರಿಮಿನಾಶಕವು ಈ ಮೀನಿನ ಕೊಬ್ಬಿನಲ್ಲಿ ಸೇರಿದ್ದರಿಂದ 1969ರಲ್ಲಿ ಸರ್ಕಾರವು ಮಾರಾಟಕ್ಕಿದ್ದ ಕೋಹೊವನ್ನು ಜಪ್ತಿಮಾಡಿತು. ಆ ವರ್ಷವೇ ಮಿಚಿಗನ್ ಸಂಸ್ಥಾನವು ಡಿಡಿಟಿಯ ಮಾರಾಟವನ್ನು ನಿಲ್ಲಿಸಿತು. ಅಂದಿನಿಂದ ಇಂಥ ವಿಷಗಳು ಬಹಳ ಇಳಿದಿದ್ದರೂ, ಯಾವ ಮೀನನ್ನು ತಿಂಗಳಿಗೆ ಎಷ್ಟು ತಿನ್ನಬಹುದೆಂದು, ಅದರಲ್ಲೂ ಬಸುರಿಯರೂ ಮಕ್ಕಳೂ ಎಷ್ಟು ತಿನ್ನಬಹುದೆಂದು, ಆರೋಗ್ಯದ ಇಲಾಖೆಯವರು ಪಟ್ಟಿಯನ್ನು ಹೊರಡಿಸುತ್ತಾರೆ. ಬೆನ್ನಿನ ಮತ್ತು ಹೊಟ್ಟೆಯ ಕೊಬ್ಬನ್ನೂ ಚರ್ಮವನ್ನೂ ತೆಗೆದು, ಕೊಬ್ಬು ತೊಟ್ಟಿಕ್ಕಿ ಹೋಗುವಂತೆ ಕೆಂಡದ ಮೇಲೆ ಸುಡಬೇಕೆಂದು ಹೇಳುವರು.

ಹುಡುಗನು ಸರಸರನೆ ಕೊಯ್ಯುತ್ತಿದ್ದನು. ಬೆನ್ನಿನ ಹಿಂದಿನ ಸಣ್ಣ ರೆಕ್ಕೆ ಕತ್ತರಿಸಿದ್ದ ಚಿನೂಕೊಂದಿತ್ತು. ಅದು ಸಾಕಿ ಬಿಟ್ಟ ಮರಿಯೆಂಬ ಗುರುತು. ಅಂಥದರ ಮೂಗಿನೊಳಗೆ ಎಳ್ಳಿಗಿಂತ ಸಣ್ಣದಾದ ತಂತಿಯ ತುಂಡಿರುವುದುಂಟು. ಎಲ್ಲಿ, ಯಾವ ವರ್ಷ ಬಿಟ್ಟರೆಂಬುದು ಅದರ ಮೇಲೆ ಕೊರೆದಿರುತ್ತದೆ. ಆ ತಲೆಯನ್ನು ಬೇರೆಯಾಗಿ ಕಟ್ಟಿ ಇಲಾಖೆಯವರಿಗೆಂದು ಇಟ್ಟನು. ಅಷ್ಟರಲ್ಲಿ ಯಜಮಾನನು ದೋಣಿ ತೊಳೆಯುವುದನ್ನು ಬಿಟ್ಟು ಬಂದು, ಮೀನುಗಳ ಜಠರಗಳನ್ನು ಒಂದೊಂದಾಗಿ ಸೀಳಿ ಒಳಗಿದ್ದುದನ್ನು ಮೇಜಿನ ಮೇಲೆ ಸಾಲಾಗಿ ಇಟ್ಟನು. ಹನ್ನೊಂದು ಏಲ್‌ವೈಫ್‌ಗಳಿದ್ದುವು. ದೊಡ್ಡವು ಎರಡು, ಮಿಕ್ಕವೆಲ್ಲ ಬೆರಳುದ್ದದವು, ಅದೇ ವರ್ಷ ಹುಟ್ಟಿದಂಥವು. ಆ ಬೆರಳುದ್ದದವನ್ನು ಆತನು ಎರಡು ಸಾರಿ ಎಣಿಸಿದನು. “ಮರಿ ಆಗಿದೆ,” ಎಂದು ಹುಡುಗನಿಗೆ ಹೇಳಿ, ಮತ್ತೆ ಕೊಳವೆ ಹಿಡಿದು ದೋಣಿ ತೊಳೆಯಲು ಹೋದನು.